ಟ್ರಾಲರ್ ಬೋಟನ್ನು ವಾಸದ ಬೋಟು ಮಾಡುತ್ತಿದ್ದೇವೆ: ಹೋಲ್ಡ್ ಖಾಲಿಯಾದ ಮೇಲೆ ತೂಕ ಎಲ್ಲಿಡಬೇಕು?

ಉಪ್ಪುಗಾಳಿ:
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳು ಹುಡುಕಿದ ಮೇಲೆ ಹಳೆಯ ಸ್ಟೀಲ್ ಟ್ರಾಲರ್ ಒಂದು ನಮ್ಮದಾಗಿದೆ. ಉದ್ದ 17 ಮೀಟರ್, ಅಗಲ 5.2 ಮೀಟರ್. ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಹಿಂದಿದೆ, ಅದರಡಿ ಎಂಜಿನ್, ನಡುವೆ ಮೀನು ತುಂಬುವ ಹೋಲ್ಡ್, ಮುಂದೆ ಕೆಲಸಗಾರರ ನಾಲ್ಕು ಬಂಕ್. ನಾನು ಮತ್ತು ನನ್ನ ಹೆಂಡತಿ ವರ್ಷಪೂರ್ತಿ ಇದರಲ್ಲೇ ಇರಬೇಕೆಂದು ತೀರ್ಮಾನಿಸಿದ್ದೇವೆ.

ಬಲೆ ಸುತ್ತುವ ಡ್ರಮ್, ವಿಂಚ್, ಉಕ್ಕಿನ ಹಗ್ಗ, ಹಿಂದಿನ ಗ್ಯಾಂಟ್ರಿ ಎಲ್ಲ ಇಳಿಸಿಯಾಯಿತು, ಹೆಚ್ಚುಕಡಿಮೆ ನಾಲ್ಕು ಟನ್. ಹೋಲ್ಡಿನಲ್ಲಿ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಮಾಡುತ್ತೇವೆ. ಅದರ ಮೇಲೆ ಡೆಕ್ಕಿನಲ್ಲಿ ದೊಡ್ಡ ಕಿಟಕಿ, ಗಾಜಿನ ಜಾರುಬಾಗಿಲುಗಳ ಒಂದು ಹಜಾರ ಕಟ್ಟುವ ಆಸೆಯಿದೆ.

ಆದರೆ ಸಾಮಾನು ಇಳಿಸಿದಾಗಿನಿಂದ ಬೋಟಿನ ಸ್ವಭಾವವೇ ಬದಲಾಗಿದೆ. ಪಕ್ಕದಲ್ಲಿ ಸಣ್ಣ ದೋಣಿ ಹಾದುಹೋದರೂ ಫಟ್ ಫಟ್ ಎಂದು ಎರಡೂ ಕಡೆ ಒದರಿಕೊಳ್ಳುತ್ತದೆ. ಮೂತಿ ಮೇಲಕ್ಕೆದ್ದು ನಿಂತಿದೆ, ವೀಲ್‌ಹೌಸಿನಿಂದ ಎದುರಿನ ನೀರೇ ಕಾಣುವುದಿಲ್ಲ. ಬಿಲ್ಜಿಗೆ (ಒಡಲಿನ ತೀರಾ ತಳಕ್ಕೆ) ಕಾಂಕ್ರೀಟು ಸುರಿದುಬಿಡಿ ಎಂದು ಯಾರ್ಡಿನಲ್ಲಿ ಒಬ್ಬರು ಹೇಳಿದರು. ಸುರಿಯಬಹುದೇ?

ಕಬ್ಬಿಣದೊಡಲು:
ಖಂಡಿತ ಸುರಿಯಬೇಡಿ. ಒಂಬತ್ತು ವರ್ಷದಿಂದ ಇಂಥದ್ದೇ ಬೋಟಿನಲ್ಲಿದ್ದೇನೆ, ಹಳೆಯ ಮಾಲೀಕರು ಸುರಿದಿದ್ದ ಕಾಂಕ್ರೀಟನ್ನು ಒಡೆದು ತೆಗೆಯುವುದಕ್ಕೇ ನನ್ನ ಮೊದಲ ಬೇಸಿಗೆ ಪೂರ್ತಿ ಹೋಯಿತು. ಕಾಂಕ್ರೀಟಿಗೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೆ ಸಾಕು, ನೀರು ಅಲ್ಲಿ ಇಳಿದು ಕೂರುತ್ತದೆ. ಒಳಗೆ ತುಕ್ಕು ಹಿಡಿಯುವುದು ಕಣ್ಣಿಗೂ ಕಾಣದು, ಸುತ್ತಿಗೆಗೂ ಕೇಳದು. ಬ್ಯಾಲಸ್ಟ್, ಅಂದರೆ ಬೋಟನ್ನು ಸ್ಥಿರವಾಗಿಡುವ ತೂಕ, ಹಾಕುವುದಾದರೆ ಕೈಯಲ್ಲಿ ಎತ್ತಿ ತೆಗೆಯಬಹುದಾದ ಸೀಸದ ಅಥವಾ ಕಬ್ಬಿಣದ ಗಟ್ಟಿಗಳನ್ನು ಹಾಕಿ, ಬೋಟು ವಾಲಿದರೂ ಜಾರದಂತೆ ಬಿಗಿಯಾಗಿ ಕಟ್ಟಿ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಹೋಲ್ಡಿನ ಗೋಡೆಯ ಹಿಂದಿನ ಫೋಮ್ ತೆಗೆದಿದ್ದೀರಾ?

ಉಪ್ಪುಗಾಳಿ:
ಇಲ್ಲ. ಫೋಮ್ ಗಟ್ಟಿಯಾಗಿಯೇ ಇದೆ, ಮನೆಗೂ ಶಾಖನಿರೋಧಕವಾಗುತ್ತದೆ ಎಂದುಕೊಂಡಿದ್ದೆ.

ಕಬ್ಬಿಣದೊಡಲು:
ಹೊರಮೈ ಗಟ್ಟಿಯಿರುತ್ತದೆ. ಗೋಡೆಯ ಬುಡದಲ್ಲಿ ಒಂದು ಅಡಿ ಅಗಲ ಕತ್ತರಿಸಿ ನೋಡಿ. ವರ್ಷಗಟ್ಟಲೆ ಕರಗಿದ ಐಸಿನ ನೀರು, ಮೀನಿನ ರಕ್ತ, ಎಣ್ಣೆ ಎಲ್ಲ ಇಳಿದು ಸೇರುವುದು ಅಲ್ಲಿಗೇ. ನನ್ನ ಬೋಟಿನಲ್ಲಿ ಫೋಮಿನ ಒಂದು ತುಂಡು ಕಿತ್ತು ಹಿಂಡಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಕಂದು ನೀರು ಸುರಿಯಿತು. ಅದರ ಹಿಂದಿನ ತಗಡಿನಲ್ಲಿ ತುಕ್ಕು ಹಳೆ ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿ ಎದ್ದಿತ್ತು. ಉಗುರಿನಿಂದ ಮೀಟಿದರೆ ಅಂಗೈಯಗಲದ ಹಾಳೆ ಬಿಟ್ಟುಕೊಂಡು ಬಂತು. ಆಮೇಲೆ ಅಲ್ಟ್ರಾಸೌಂಡ್ ಗೇಜ್ ಇಟ್ಟು ಅಳೆದೆ. ಮೂಲತಃ 6 ಮಿ.ಮೀ. ಇದ್ದ ತಗಡು ಪಕ್ಕದ ಕಡೆ 5.6, ಇನ್ನೊಂದು ಕಡೆ 5.4, ಆ ಮೂಲೆಯಲ್ಲಿ ಮಾತ್ರ 3.9. ಮೂರರಲ್ಲಿ ಒಂದು ಪಾಲು ಹೋಗಿತ್ತು. ಕಾಲು ಭಾಗ ಸವೆದರೇ ತಗಡು ಬದಲಾಯಿಸಬೇಕೆಂದು ಸರ್ವೇಯರುಗಳು ಸಾಮಾನ್ಯವಾಗಿ ಹೇಳುತ್ತಾರೆ.

ಬದಲಾಯಿಸುವಾಗ ಹಳೆಯದನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಿ. ಹಳೆಯದರ ಮೇಲೇ ಇನ್ನೊಂದು ತೇಪೆ ಬೆಸೆದರೆ ಎರಡರ ನಡುವೆ ತುಕ್ಕಿಗೆ ಮತ್ತೊಂದು ಮನೆ ಕಟ್ಟಿಕೊಟ್ಟಂತೆ. ವೆಲ್ಡಿಂಗ್ ಮಾಡುವ ಜಾಗದ ಹಿಂದೆ ಫೋಮಿನ ಚೂರೂ ಉಳಿಯಬಾರದು. ಪಾಲಿಯುರೆಥೇನ್ ಹೊತ್ತಿಕೊಂಡರೆ ಹೊಗೆಯಲ್ಲಿ ಸಯನೈಡ್ ಇರುತ್ತದೆ. ಒಳಗಡೆ ಒಬ್ಬರು ನೀರು ಹಿಡಿದು ನಿಂತೇ ಇರಬೇಕು, ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲಿಂದ ಕದಲಬಾರದು.

ವಾಸನೆಯ ವಿಷಯ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಮೀನಿನ ವಾಸನೆ ಉಕ್ಕಿನಲ್ಲಿ ಇರುವುದಿಲ್ಲ, ಆ ಫೋಮಿನಲ್ಲಿ ಇರುತ್ತದೆ. ಫೋಮ್ ಹೋದರೆ ವಾಸನೆಯೂ ಹೋಗುತ್ತದೆ. ಅದನ್ನು ಒಳಗಿಟ್ಟುಕೊಂಡು ಮೇಲೆ ಎಂಥ ಬಣ್ಣ ಬಳಿದರೂ ಮೊದಲ ಬಿಸಿಲಿಗೆ ಮತ್ತೆ ಏಳುತ್ತದೆ.

ಹೊಸ_ಅಲೆ:
ಹೋಲ್ಡಿನ ಅಡಿಯ ಮುಚ್ಚಳ ತೆಗೆದು ಕೆಳಗಿನ ಬಿಲ್ಜನ್ನು ನಾನೇ ಇಳಿದು ತೊಳೆಯಬಹುದಾ? ನನ್ನದು ಮೂರು ವರ್ಷದಿಂದ ಮುಚ್ಚಿಯೇ ಇತ್ತು.

ನಿಧಾನ_ಡೀಸೆಲ್:
ಹೊಸ ಅಲೆ ಅವರೇ, ದಯವಿಟ್ಟು ಇಳಿಯಬೇಡಿ, ಇದನ್ನು ಪೂರ್ತಿ ಓದಿ. ಮೀನಿನ ಕಸ ಗಾಳಿಯಿಲ್ಲದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಪ್ರಮಾಣ ಹೆಚ್ಚಾದರೆ ನಾತ ಥಟ್ಟನೆ ನಿಂತುಹೋಗುತ್ತದೆ. ಗಾಳಿ ಚೊಕ್ಕವಾಯಿತೆಂದು ಅದರರ್ಥವಲ್ಲ, ಆ ವಾಸನೆ ಹಿಡಿಯುವ ಶಕ್ತಿ ಮೂಗಿಗೆ ಹೋಯಿತೆಂದರ್ಥ. ಅದಾದ ಮೇಲೆ ಮನುಷ್ಯ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ. ಮುಚ್ಚಿದ ಉಕ್ಕಿನ ಟ್ಯಾಂಕಿನಲ್ಲಿ ಬೇರೆ ಅಪಾಯ: ತುಕ್ಕು ಹಿಡಿಯುತ್ತ ಹಿಡಿಯುತ್ತ ಒಳಗಿನ ಆಮ್ಲಜನಕವನ್ನೇ ತಿಂದುಹಾಕಿರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಮುಚ್ಚಳ ತೆಗೆದ ತಕ್ಷಣ ಬಗ್ಗಿ ನೋಡಿದೆ, ಅಷ್ಟೆ. ಮೊಣಕಾಲು ಕುಸಿಯಿತು. ಹಿಂದಿದ್ದವರು ಅಂಗಿ ಹಿಡಿದು ಎಳೆದುಕೊಂಡಿದ್ದರಿಂದ ಬದುಕಿದೆ. ಎರಡು ದಿನ ತಲೆನೋವು ಇತ್ತು. ಮುಚ್ಚಳ ತೆಗೆದು ಬ್ಲೋವರಿನಿಂದ ಒಂದು ದಿನ ಗಾಳಿ ಊದಿ, ಗ್ಯಾಸ್ ಮೀಟರನ್ನು ಹಗ್ಗದಲ್ಲಿ ಇಳಿಸಿ ಅಳೆಯಿರಿ, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡು ಆಮೇಲೆ ಇಳಿಯಿರಿ. ಒಳಗೆ ಒಬ್ಬರು ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯಕೂಡದು. ಇಂಥ ಅನಾಹುತಗಳಲ್ಲಿ ಎತ್ತಲು ಹೋದವರೂ ಅಲ್ಲೇ ಸಾಯುತ್ತಾರೆ.

ನಕ್ಷೆಮೇಜು:
ಉಪ್ಪುಗಾಳಿ ಅವರೇ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬೋಟುಗಳ ಸ್ಥಿರತೆಯ ಲೆಕ್ಕ ಮಾಡುವುದೇ ನನ್ನ ವೃತ್ತಿ.

ಮೀನುಗಾರಿಕೆ ಬೋಟನ್ನು ಭಾರ ಹೊರಲೆಂದೇ ಕಟ್ಟಿರುತ್ತಾರೆ. ಐಸು, ಮೀನು ಸೇರಿ ಹತ್ತು ಹದಿನೈದು ಟನ್ ಹೊಟ್ಟೆಯಲ್ಲಿದ್ದಾಗ ನೀರಿನಲ್ಲಿ ಸರಿಯಾಗಿ ಕೂರುವ ಹಾಗೆ ಅದರ ಆಕಾರ. ನೀವು ಆ ಭಾರ ತೆಗೆದು ಮಂಚ, ಕಪಾಟು, ಒಲೆ ಇಡುತ್ತೀರಿ. ಅವೆಲ್ಲ ಸೇರಿದರೂ ನಾಲ್ಕು ಟನ್ ಆಗುವುದು ಕಷ್ಟ. ಹೋಲ್ಡ್ ಎಂಜಿನ್ನಿಗಿಂತ ಮುಂದಿರುವುದರಿಂದ ಮೂತಿ ಎದ್ದಿದೆ. ಮೇಲಿದ್ದ ವಿಂಚ್, ಗ್ಯಾಂಟ್ರಿ ಹೋದದ್ದರಿಂದ ಗುರುತ್ವ ಕೇಂದ್ರ ಕೆಳಗಿಳಿದಿದೆ, ಅದಕ್ಕೇ ಓಲಾಟ ಚುರುಕಾಗಿದೆ.

ಮೊದಲು ಅಳೆಯಿರಿ. ಗಾಳಿಯಿಲ್ಲದ ಬೆಳಿಗ್ಗೆ, ಕೀಲ್ (ಬೋಟಿನ ತಳದ ಬೆನ್ನೆಲುಬು) ಕೆಳಗೆ ಸಾಕಷ್ಟು ನೀರಿರುವಲ್ಲಿ, ಕಟ್ಟಿದ ಹಗ್ಗಗಳನ್ನೆಲ್ಲ ಸಡಿಲ ಬಿಡಿ. ಇಬ್ಬರು ಒಂದು ಪಕ್ಕದಲ್ಲಿ ತಾಳಕ್ಕೆ ಸರಿಯಾಗಿ ಭಾರ ಹಾಕಿ ಬೋಟನ್ನು ಸ್ವಲ್ಪವೇ ತೂಗಿಸಿ ನಿಲ್ಲಲಿ. ಎಡಕ್ಕೆ ಹೋಗಿ, ಬಲಕ್ಕೆ ಬಂದು, ಮತ್ತೆ ಎಡಕ್ಕೆ ಬಂದರೆ ಒಂದು ಓಲಾಟ. ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ ಹತ್ತರಿಂದ ಭಾಗಿಸಿ. ಖಾಲಿ ಬೋಟಿಗೆ 0.88ನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಆ ಸೆಕೆಂಡಿನಿಂದ ಭಾಗಿಸಿ, ಬಂದ ಉತ್ತರವನ್ನು ಆ ಉತ್ತರದಿಂದಲೇ ಗುಣಿಸಿದರೆ ಮೆಟಾಸೆಂಟ್ರಿಕ್ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಸ್ವಲ್ಪ ವಾಲಿದ ಬೋಟು ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಎಂಬುದರ ಅಳತೆ ಇದು, ನಾವು ಜಿಎಂ ಎನ್ನುತ್ತೇವೆ. ಅಂದಾಜಿಗೆ ಇದು ಸಾಕು.

ಉಪ್ಪುಗಾಳಿ:
ಮೇಡಂ, ಇವತ್ತು ಬೆಳಿಗ್ಗೆ ಆರಕ್ಕೆ ಮಾಡಿದೆವು. ಹತ್ತು ಓಲಾಟಕ್ಕೆ 46 ಸೆಕೆಂಡ್, ಮೂರು ಸಲ ನೋಡಿದರೂ ಅಷ್ಟೇ. ಒಂದು ಓಲಾಟಕ್ಕೆ 4.6. ಲೆಕ್ಕ ಹಾಕಿದರೆ ಜಿಎಂ 0.99 ಮೀಟರ್.

ನಂಬಿಕೆ ಬರಲೆಂದು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಿದೆವು. ಹೋಲ್ಡಿನ ತೊಲೆಗೆ ಮೂರು ಮೀಟರ್ ದಾರದಲ್ಲಿ ತೂಗುಗುಂಡು ಕಟ್ಟಿ, ಅಲುಗಾಡದಿರಲೆಂದು ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆವು. 50 ಕಿಲೋದ ಐದು ಮೂಟೆಗಳನ್ನು ಡೆಕ್ಕಿನ ಒಂದು ಬದಿಯಿಂದ ನಾಲ್ಕು ಮೀಟರ್ ಆಚೆ ಬದಿಗೆ ಸಾಗಿಸಿ, ಎಲ್ಲರೂ ಮೊದಲು ನಿಂತಿದ್ದಲ್ಲೇ ಬಂದು ನಿಂತೆವು. ದಾರ 50 ಮಿ.ಮೀ. ಸರಿಯಿತು. ನೀರಿನ ಮಟ್ಟದ ಗುರುತಿನ ಪ್ರಕಾರ ಬೋಟಿನ ತೂಕ ಸುಮಾರು 60 ಟನ್. ಇದರಲ್ಲೂ ಜಿಎಂ ಒಂದು ಮೀಟರೇ ಬಂತು! ಎರಡು ದಾರಿಯೂ ಒಂದೇ ಕಡೆ ತಲುಪಿದ್ದು ನೋಡಿ ಬಹಳ ಖುಷಿಯಾಯಿತು.

ಈಗ ಕೇಳಬೇಕಾದದ್ದು. ತೂಕ ಮೇಲಿಟ್ಟರೆ ಓಲಾಟ ನಿಧಾನವಾಗುತ್ತದೆ ಅಲ್ಲವೇ? ಹಾಗಾದರೆ ಡೆಕ್ಕಿನ ಮೇಲೆ ಹಜಾರ ಕಟ್ಟಿದರೆ ಈ ಒದರಾಟವೂ ನಿಲ್ಲುತ್ತದೆ, ಜಾಗವೂ ಆಗುತ್ತದೆ.

ನಕ್ಷೆಮೇಜು:
ನೀವು ಹೇಳಿದ್ದು ನಿಜ, ಅದರಲ್ಲೇ ಅಪಾಯವೂ ಇದೆ. ಬೋಟನ್ನು ಮನೆ ಮಾಡಿಕೊಂಡ ಎಷ್ಟೋ ಜನ ಇದೇ ಜಾಗದಲ್ಲಿ ಎಡವಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನೀವು ಬರೆದ ಹಜಾರ 4 ಮಿ.ಮೀ. ಉಕ್ಕಿನದಾದರೆ ಒಂದು ಚದರ ಮೀಟರಿಗೆ 31 ಕಿಲೋ. 10 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 25 ಕಿಲೋ. ಚೌಕಟ್ಟು, ಒಳಗೋಡೆ, ನೆಲ, ಸೋಫಾ ಸೇರಿ ಮೂರೂವರೆ ಟನ್ ಆಗುತ್ತದೆ ಎಂದಿಟ್ಟುಕೊಳ್ಳಿ. ಅದು ಈಗಿನ ಗುರುತ್ವ ಕೇಂದ್ರಕ್ಕಿಂತ 3.2 ಮೀಟರ್ ಮೇಲೆ ಕೂರುತ್ತದೆ. ಬೋಟಿನ ಗುರುತ್ವ ಕೇಂದ್ರ ಸುಮಾರು 18 ಸೆಂ.ಮೀ. ಮೇಲೇರುತ್ತದೆ. ಜಿಎಂ ಒಂದು ಮೀಟರಿನಿಂದ 0.8ರ ಆಸುಪಾಸಿಗೆ ಬರುತ್ತದೆ. ಒಂದೇ ಡೆಕ್ಕಿನ ಮೀನುಗಾರಿಕೆ ಬೋಟಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹೇಳುವ ಕನಿಷ್ಠ ಜಿಎಂ 0.35 ಮೀಟರ್. ಕಾಗದದ ಮೇಲೆ ಇನ್ನೂ ಬೇಕಾದಷ್ಟು ಉಳಿದಿದೆ ಅನ್ನಿಸುತ್ತದೆ.

ಆದರೆ ಜಿಎಂ ಹೇಳುವುದು ಬೋಟು ನಾಲ್ಕೈದು ಡಿಗ್ರಿ ವಾಲಿದಾಗಿನ ಮಾತು. ದೊಡ್ಡ ಅಲೆ ಬಂದು 30, 40 ಡಿಗ್ರಿ ಮಲಗಿಸಿದಾಗ ಅದನ್ನು ಎಬ್ಬಿಸಿ ನಿಲ್ಲಿಸುವ ಬಲವೇ ಬೇರೆ ಲೆಕ್ಕ. ಅದೇ ಸಂಸ್ಥೆಯ ನಿಯಮದಲ್ಲಿ 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ವಾಲಿದಾಗ ನೆಟ್ಟಗಾಗಿಸುವ ಸನ್ನೆಯ ಉದ್ದ ಕನಿಷ್ಠ 0.20 ಮೀಟರ್ ಇರಬೇಕು. ಗುರುತ್ವ ಕೇಂದ್ರ 18 ಸೆಂ.ಮೀ. ಏರಿದರೆ 30 ಡಿಗ್ರಿಯಲ್ಲಿ ಆ ಸನ್ನೆ 9 ಸೆಂ.ಮೀ. ಗಿಡ್ಡವಾಗುತ್ತದೆ. ಜೊತೆಗೆ ಹಜಾರದ ಅಗಲವಾದ ಗೋಡೆಗೆ ಗಾಳಿ ಬಡಿಯುತ್ತದೆ. ಜಾರುಬಾಗಿಲಿನಿಂದ ನೀರು ಒಳಗೆ ನುಗ್ಗಿದರೆ ಮೇಲಿನ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು. ಮೀನುಗಾರರ ಹೋಲ್ಡಿನ ಬಾಯಿ ಚಿಕ್ಕದು, ಅದರ ಸುತ್ತ ಮೊಣಕಾಲು ದಾಟುವ ಎತ್ತರದ ಕಟ್ಟೆ, ಮೇಲೆ ಬಿಗಿಯುವ ಮುಚ್ಚಳ. ಆ ಕಟ್ಟೆಯನ್ನು ಕಿತ್ತು ಅಲ್ಲಿ ಗಾಜಿನ ಬಾಗಿಲು ಇಡುತ್ತೇವೆ ಎಂದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಮೇಲೆ ಭಾರ ಹೇರಿದ ಬೋಟು ಬಂದರಿನಲ್ಲಿ ತೊಟ್ಟಿಲಿನ ಹಾಗೆ ಮೆತ್ತಗೆ ತೂಗುತ್ತದೆ. ಮಲಗಿದವರಿಗೆ ಸುಖ. ಆದರೆ ಮೇಲಿನ ಭಾರದಿಂದ ಒಂದು ಬದಿಗೆ ಹೋದದ್ದು ಹಿಂದಕ್ಕೆ ಬರಲು ತಡಮಾಡುತ್ತಿದೆ ಎಂದರೆ ಅದರ ಶಕ್ತಿ ಕುಂದಿದೆ ಎಂದೇ ಅರ್ಥ. ಸುಖ ಬೇಕಾದರೆ ಬೇರೆ ದಾರಿಯಲ್ಲಿ ಪಡೆಯೋಣ.

ಕಬ್ಬಿಣದೊಡಲು:
ಮೇಡಂ ಹೇಳಿದ ಆ ಬೇರೆ ದಾರಿಯಲ್ಲಿ ನಾನು ಒಂದನ್ನು ಬಳಸುತ್ತಿದ್ದೇನೆ. ಬೋಟಿನ ಎರಡೂ ಬದಿಗೆ ಕಂಬ ಚಾಚಿ, ಅದರಿಂದ ನೀರಿನೊಳಕ್ಕೆ ರೆಕ್ಕೆಯ ಆಕಾರದ ಭಾರದ ತಗಡು ಇಳಿಬಿಡುವುದು. ಪ್ಯಾರಾವೇನ್ ಎನ್ನುತ್ತಾರೆ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಗಾಳದ ಸಾಲು ಎಳೆಯುವ ಮೀನುಗಾರರು ಇದನ್ನು ಬಹಳ ಹಿಂದಿನಿಂದ ಬಳಸುತ್ತಾರೆ. ಬೋಟು ಒಂದು ಕಡೆ ವಾಲಿದಾಗ ಮೇಲೇಳಬೇಕಾದ ಬದಿಯ ತಗಡು ನೀರನ್ನು ಹಿಡಿದು ಬಿಡುವುದಿಲ್ಲ. ವೇಗ ಅರ್ಧದಿಂದ ಒಂದು ನಾಟ್ ಕಡಿಮೆಯಾಗುತ್ತದೆ, ಆದರೆ ರಾತ್ರಿ ನಿದ್ದೆ ಬರುತ್ತದೆ. ಹಳೆಯ ಮಾಸ್ಟ್ ಮತ್ತು ಅದರ ಬುಡದ ಬಲವಾದ ಜೋಡಣೆ ಇನ್ನೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಮರದ_ಹಲಗೆ:
ಉಪ್ಪುಗಾಳಿ ಅವರದ್ದು ಉಕ್ಕು, ಆದರೂ ಮರದ ಬೋಟು ಕೊಳ್ಳಲು ಹೊರಟವರು ಇದನ್ನು ಓದುತ್ತಿರಬಹುದು. ನಾನು ಮರದ ಬೋಟಿನ ಬಡಗಿ. ಮನೆಯಾದ ಮೇಲೆ ಮರದ ಬೋಟು ಕೆಡುವುದು ಸಮುದ್ರದ ನೀರಿನಿಂದಲ್ಲ, ಮಳೆನೀರಿನಿಂದ. ದುಡಿಯುವ ಬೋಟಿನ ಡೆಕ್ಕು ದಿನಾ ಉಪ್ಪುನೀರಿನಲ್ಲಿ ತೋಯುತ್ತಿರುತ್ತದೆ. ಹಲಗೆ ಉಬ್ಬಿಕೊಂಡು ಸಂದುಗಳು ಬಿಗಿಯಾಗಿರುತ್ತವೆ, ಉಪ್ಪು ಮರವನ್ನು ಕೊಳೆಯಲು ಬಿಡುವುದಿಲ್ಲ. ಅದೇ ಬೋಟು ಮನೆಯಾಗಿ ಒಂದು ಕಡೆ ನಿಂತರೆ ಡೆಕ್ಕು ಬಿಸಿಲಿಗೆ ಒಣಗಿ ಸಂದು ಬಾಯಿಬಿಡುತ್ತದೆ. ಅಲ್ಲಿಂದ ಮಳೆನೀರು ಇಳಿದು ತೊಲೆಯ ತುದಿಯಲ್ಲಿ, ಪಕ್ಕೆಲುಬಿನ ತಲೆಯಲ್ಲಿ ನಿಲ್ಲುತ್ತದೆ. ಕೊಳೆಯುವುದು ಅಲ್ಲಿಂದಲೇ ಶುರು. ನೀವು ಒಳಗೆ ಚೆಂದದ ಹಲಗೆ ಹೊದಿಸಿ ಮುಚ್ಚಿರುತ್ತೀರಿ, ಗೊತ್ತೇ ಆಗುವುದಿಲ್ಲ. ಸಂಜೆ ಒಂದೆರಡು ಬಕೆಟ್ ಸಮುದ್ರದ ನೀರು ಡೆಕ್ಕಿಗೆ ಎರಚಿ, ಒಳಹೊದಿಕೆಯ ಮೇಲೂ ಕೆಳಗೂ ಗಾಳಿಗೆ ದಾರಿ ಬಿಡಿ. ಹಲಗೆಗಳನ್ನು ಸ್ಕ್ರೂನಲ್ಲಿ ಕೂರಿಸಿ, ಅಂಟು ಹಾಕಬೇಡಿ. ಒಂದು ದಿನ ಬಿಚ್ಚಲೇಬೇಕಾಗುತ್ತದೆ.

ನಿಧಾನ_ಡೀಸೆಲ್:
ಎಂಜಿನ್ ಬಗ್ಗೆ ಯಾರೂ ಕೇಳಲಿಲ್ಲ, ಹೇಳಿಬಿಡುತ್ತೇನೆ. ಹಳೆಯ ನಿಧಾನಗತಿಯ ಡೀಸೆಲ್ ಎಂಜಿನ್ ಇದ್ದರೆ, ಬಿಡಿಭಾಗ ಸಿಗುವಂತಿದ್ದರೆ ಅದನ್ನೇ ಉಳಿಸಿಕೊಳ್ಳಿ. ಅದು ಬಲೆ ಎಳೆಯುವುದಕ್ಕೆ ಹಾಕಿದ ಎಂಜಿನ್, ನಿಮಗೆ ಅಷ್ಟು ಶಕ್ತಿ ಬೇಡ. ನೀರಿನ ಮಟ್ಟದಲ್ಲಿ 15.5 ಮೀಟರ್ ಉದ್ದದ ಒಡಲಿಗೆ ವೇಗದ ಮಿತಿ ಒಂಬತ್ತೂವರೆ ನಾಟ್ ಹತ್ತಿರ. ಏಳು ನಾಟಿನಲ್ಲಿ ಹೋದರೆ ಅದಕ್ಕೆ ಬೇಕಾಗುವ ಶಕ್ತಿ ಅರ್ಧಕ್ಕಿಂತ ಎಷ್ಟೋ ಕಡಿಮೆ. ಆದರೆ ಬ್ಯಾಟರಿ ಚಾರ್ಜ್ ಮಾಡಲೆಂದು ಇಷ್ಟು ದೊಡ್ಡ ಎಂಜಿನ್ನನ್ನು ಭಾರವಿಲ್ಲದೆ ಗಂಟೆಗಟ್ಟಲೆ ಓಡಿಸಬೇಡಿ. ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ಎಣ್ಣೆ ಕುಡಿಯಲು ಶುರುಮಾಡುತ್ತದೆ. ಅದಕ್ಕೆ ಸೌರಫಲಕ ಅಥವಾ ಚಿಕ್ಕ ಜನರೇಟರ್ ಇರಲಿ.

ಅಡುಗೆಗೆ ಎಲ್‌ಪಿಜಿ ಇಟ್ಟರೆ ಸಿಲಿಂಡರನ್ನು ಡೆಕ್ಕಿನ ಮೇಲೆ, ಅಡಿಯಲ್ಲಿ ಹೊರಕ್ಕೆ ರಂಧ್ರವಿರುವ ಪೆಟ್ಟಿಗೆಯಲ್ಲೇ ಇಡಿ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಬಿಲ್ಜಿಗೆ ಇಳಿದು ಕೂರುತ್ತದೆ. ಮಲಗುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇರಲೇಬೇಕು.

ಹೊಸ_ಅಲೆ:
ಗ್ಯಾಸ್ ಮೀಟರ್ ಬಾಡಿಗೆಗೆ ತಂದು ಇಳಿಸಿದೆ. ಬಿಲ್ಜಿನ ತಳ ಮುಟ್ಟುವ ಮೊದಲೇ ಕೂಗಲು ಶುರುಮಾಡಿತು. ನಿಧಾನ ಡೀಸೆಲ್ ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ.

ಉಪ್ಪುಗಾಳಿ:
ಹಜಾರದ ನಕ್ಷೆ ಕೈಬಿಟ್ಟಿದ್ದೇವೆ. ಮನಸ್ಸಿಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಹೋಲ್ಡಿನ ಬಾಯಿಯ ಕಟ್ಟೆಯನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಬಿಗಿಯಾಗಿ ಮುಚ್ಚುವ, ದಪ್ಪ ಗಾಜಿನ ಮುಚ್ಚಳ ಮಾಡಿಸುತ್ತೇವೆ. ಮಲಗುವ ಕೋಣೆಯಿಂದ ಬೆಂಕಿಯ ಸಮಯದಲ್ಲಿ ಹೊರಬೀಳಲು ಮುಂದುಗಡೆ ಇನ್ನೊಂದು ದಾರಿ ಬರುತ್ತದೆ. ಎಂಜಿನ್ ಕೋಣೆಗೂ ಹೋಲ್ಡಿಗೂ ನಡುವಿನ ಅಡ್ಡಗೋಡೆಯಾದ ಬಲ್ಕ್‌ಹೆಡ್ಡಿನಲ್ಲಿ ಬಾಗಿಲು ಕತ್ತರಿಸಬೇಕೆಂದಿದ್ದೆ, ಅದನ್ನೂ ಬಿಟ್ಟೆ. ಒಂದು ಕಡೆ ನೀರು ನುಗ್ಗಿದರೆ ಇನ್ನೊಂದು ಕಡೆ ಒಣಗಿರಲೆಂದೇ ಅದನ್ನು ಕಟ್ಟಿದ್ದಾರೆ.

ಫೋಮ್ ಕಿತ್ತೆವು. ಕಬ್ಬಿಣದೊಡಲು ಅಣ್ಣ ಹೇಳಿದ್ದು ಅಕ್ಷರಶಃ ನಿಜ. ನಾಲ್ಕು ಕಡೆ ತಗಡು ಬದಲಾಯಿಸಬೇಕು.

ನೀರು, ಡೀಸೆಲ್ ಟ್ಯಾಂಕುಗಳನ್ನು ಎಲ್ಲಿಡಲಿ, ಬ್ಯಾಲಸ್ಟ್ ಎಷ್ಟು ಎತ್ತರದಲ್ಲಿರಲಿ?

ನಕ್ಷೆಮೇಜು:
ಬ್ಯಾಲಸ್ಟನ್ನೆಲ್ಲ ಕೀಲ್ ತಳಕ್ಕೇ ತುಂಬಿದರೆ ನಿಮ್ಮ ಓಲಾಟ ಇನ್ನೂ ಚುರುಕಾಗುತ್ತದೆ, ಈಗಲೇ ಅದು ಬೇಕಾದ್ದಕ್ಕಿಂತ ಬಿಗಿ ಇದೆ. ಸ್ವಲ್ಪ ಭಾಗ ಕೆಳಗೆ, ಮೂತಿ ಇಳಿಯುವಷ್ಟು ಮುಂದೆ. ಉಳಿದದ್ದನ್ನು ಮೀನಿನ ಭಾರ ಇರುತ್ತಿದ್ದ ಎತ್ತರದಲ್ಲಿ, ಎರಡೂ ಬದಿಗೆ ಒಡಲಿನ ಹತ್ತಿರ ಹಂಚಿ. ಭಾರ ನಡುವಿನಿಂದ ದೂರವಿದ್ದಷ್ಟೂ ಬೋಟು ನಿಧಾನವಾಗಿ ತಿರುಗುತ್ತದೆ. ಕೈ ಚಾಚಿ ನಡೆಯುವವರು ಬೇಗ ವಾಲುವುದಿಲ್ಲವಲ್ಲ, ಹಾಗೆ. ಇದಕ್ಕಾಗಿ ಗುರುತ್ವ ಕೇಂದ್ರವನ್ನು ಏರಿಸಬೇಕಾಗಿಲ್ಲ.

ನೀರಿನ ಟ್ಯಾಂಕುಗಳೂ ಬದಿಗಳಲ್ಲೇ ಇರಲಿ, ಉದ್ದವಾಗಿ, ಕಿರಿದಾಗಿ. ಅರ್ಧ ತುಂಬಿದ ಅಗಲ ಟ್ಯಾಂಕಿನಲ್ಲಿ ಬೋಟು ವಾಲಿದ ಕಡೆಗೇ ನೀರು ಓಡಿ ಇನ್ನಷ್ಟು ವಾಲಿಸುತ್ತದೆ. ಒಂದು ಅಗಲ ಟ್ಯಾಂಕಿನ ನಡುವೆ ಉದ್ದಕ್ಕೆ ಗೋಡೆ ಹಾಕಿ ಎರಡು ಮಾಡಿದರೆ ಈ ಪರಿಣಾಮ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎರಡು ಬದಿಯ ಟ್ಯಾಂಕುಗಳನ್ನು ಜೋಡಿಸುವ ಪೈಪಿಗೆ ವಾಲ್ವ್ ಇರಲಿ, ಚಲಿಸುವಾಗ ಅದು ಮುಚ್ಚಿರಲಿ.

ಇನ್ನೊಂದು ಮಾತು. ಇವತ್ತೇ ಒಂದು ಪುಸ್ತಕ ತೆರೆಯಿರಿ. ಬೋಟಿನಿಂದ ಹೊರಹೋದ, ಒಳಬಂದ ಪ್ರತಿಯೊಂದು ವಸ್ತು, ಅದರ ತೂಕ, ಕೀಲಿನಿಂದ ಎತ್ತರ, ಹಿಂಬದಿಯಿಂದ ದೂರ ಬರೆದಿಡಿ. ಕಿತ್ತ ಫೋಮನ್ನೂ ತೂಗಿ. ಕೊನೆಗೆ ನಿಮ್ಮ ಊರಿನ ನೋಂದಣಿ ಅಧಿಕಾರಿ, ವಿಮೆಯವರು ಸ್ಥಿರತೆಯ ದಾಖಲೆ ಕೇಳಿದಾಗ ಆ ಪುಸ್ತಕವೇ ಬುನಾದಿ. ಮೀನುಗಾರಿಕೆ ನೋಂದಣಿಯಿಂದ ವಾಸದ ಅಥವಾ ವಿಹಾರದ ಬೋಟಿಗೆ ಬದಲಾಯಿಸಲು ಏನೇನು ಬೇಕೆಂದು ಕತ್ತರಿಸುವ ಕೆಲಸಕ್ಕೆ ಮೊದಲೇ ಕೇಳಿಕೊಳ್ಳಿ. ಅಂತಿಮ ಪರೀಕ್ಷೆಯನ್ನು ಪರವಾನಗಿ ಇರುವವರಿಂದಲೇ ಮಾಡಿಸಿ.

ಉಪ್ಪುಗಾಳಿ (ಏಳು ತಿಂಗಳ ನಂತರ):
ಹಳೆಯ ಚರ್ಚೆಯನ್ನು ಮೇಲೆ ತರುತ್ತಿದ್ದೇನೆ, ಸಹಾಯ ಮಾಡಿದವರಿಗೆ ಫಲಿತಾಂಶ ಹೇಳಲೇಬೇಕಿತ್ತು.

ತಗಡಿನ ಕೆಲಸ ಮುಗಿಯಿತು. ಒಳಮೈಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಹೊಸ ಫೋಮ್. ಬಿಲ್ಜಿನ ಭಾಗಕ್ಕೆ ಮಾತ್ರ ಏನೂ ಹಾಕಿಲ್ಲ, ನೆಲದ ಹಲಗೆ ಎತ್ತಿದರೆ ಉಕ್ಕು ಕಾಣುತ್ತದೆ. ಪಕ್ಕೆಲುಬುಗಳ ಅಂಚನ್ನೂ ಫೋಮಿನಲ್ಲಿ ಮುಚ್ಚಿದ್ದರಿಂದ ಬೆಳಗಿನ ಹೊತ್ತು ಒಳಗೆ ನೀರಿನ ಹನಿ ಕಟ್ಟುವುದಿಲ್ಲ. ಎರಡು ಬದಿಯ ಟ್ಯಾಂಕುಗಳು ಕೂತವು. ಸೀಸ ಮತ್ತು ಕಬ್ಬಿಣದ ಗಟ್ಟಿಗಳನ್ನು ಮೇಡಂ ಹೇಳಿದಂತೆಯೇ ಹಂಚಿದೆವು. ಟ್ಯಾಂಕು ತುಂಬಿದಾಗ ಬೋಟಿನ ತೂಕ 70 ಟನ್, ಮೂತಿ ಇಳಿದಿದೆ, ವೀಲ್‌ಹೌಸಿನಿಂದ ಎದುರಿನ ನೀರು ಕಾಣುತ್ತದೆ.

ನಿನ್ನೆ ಬೆಳಿಗ್ಗೆ ಮತ್ತೆ ಹಗ್ಗ ಸಡಿಲ ಬಿಟ್ಟೆವು. ಹೆಂಡತಿ ಗಡಿಯಾರ ಹಿಡಿದಿದ್ದಳು. ಹತ್ತು ಓಲಾಟಕ್ಕೆ 54 ಸೆಕೆಂಡ್. ಪರವಾನಗಿ ಇರುವವರ ಪರೀಕ್ಷೆ ಮುಂದಿನ ವಾರ.

ಪುಸ್ತಕದಲ್ಲಿ 213 ಸಾಲುಗಳಾಗಿವೆ. ಇವತ್ತು ಸಂಜೆ 214ನೆಯದು ಬರೆದೆವು: ಹಾಸಿಗೆ, 22 ಕಿಲೋ, ಕೀಲಿನಿಂದ 1.9 ಮೀಟರ್.

ನಕ್ಷೆಮೇಜು:
ಹಿಂಬದಿಯಿಂದ ದೂರ ಬರೆದಿಲ್ಲ.

ಉಪ್ಪುಗಾಳಿ:
10.4 ಮೀಟರ್ ಮೇಡಂ. ಈಗಲೇ ಬರೆಯುತ್ತೇನೆ.